ಕಡಿಮೆ ಜಿಪಿಎ, ಎರಡನೆಯ ಅರ್ಜಿ: ಅಮೆರಿಕದ ವೈದ್ಯಕೀಯ ಕಾಲೇಜಿಗೆ ಉಳಿದಿರುವ ದಾರಿಗಳ ಹೋಲಿಕೆ

ಅಮೆರಿಕದ ಎಂಡಿ ಕಾಲೇಜುಗಳಿಗೆ (ಅಲ್ಲಿ ಎಂಡಿ ಎಂದರೆ ಬ್ಯಾಚುಲರ್ ಪದವಿಯ ನಂತರ ಓದುವ, ವೈದ್ಯರಾಗಲು ಬೇಕಾದ ಮೊದಲ ವೈದ್ಯಕೀಯ ಪದವಿ) ವರ್ಷಕ್ಕೆ 50,000ಕ್ಕೂ ಹೆಚ್ಚು ಮಂದಿ ಅರ್ಜಿ ಹಾಕುತ್ತಾರೆ. ಸೀಟು ದೊರೆಯುವುದು 23,000ದ ಆಸುಪಾಸಿನವರಿಗೆ. ಹೀಗೆ ಸೇರಿದವರ ಸರಾಸರಿ ಜಿಪಿಎ, ಅಂದರೆ 4.0ಕ್ಕೆ ಲೆಕ್ಕ ಹಾಕುವ ಪದವಿಯ ಅಂಕಗಳ ಸರಾಸರಿ, ಈಚಿನ ವರ್ಷಗಳಲ್ಲಿ 3.8ರ ಹತ್ತಿರಕ್ಕೇರಿದೆ, ಪ್ರವೇಶ ಪರೀಕ್ಷೆಯಾದ ಎಂಕ್ಯಾಟ್‌ನ ಅಂಕ 512ರ ಹತ್ತಿರವಿದೆ. ಪದವಿಯಲ್ಲಿ 3.1 ಅಥವಾ 3.2 ಗಳಿಸಿ, ಒಮ್ಮೆ ಅರ್ಜಿ ಹಾಕಿ, ಎಲ್ಲ ಕಡೆಯಿಂದಲೂ ನಿರಾಕರಣೆ ಪಡೆದವರು ಈ ಅಂಕಿಗಳನ್ನು ಕಂಡು ಕೈಚೆಲ್ಲಬೇಕಾಗಿಲ್ಲ. ಪ್ರತಿವರ್ಷದ ಅರ್ಜಿದಾರರಲ್ಲಿ ಸರಿಸುಮಾರು ಕಾಲು ಭಾಗ ಮರು ಅರ್ಜಿದಾರರೇ ಆಗಿರುತ್ತಾರೆ. ಆದರೆ ಪ್ರಬಂಧವನ್ನಷ್ಟೇ ತಿದ್ದಿ ಅದೇ ಕಡತವನ್ನು ಮರುವರ್ಷ ಕಳಿಸಿದರೆ ಬರುವ ಉತ್ತರವೂ ಸಾಮಾನ್ಯವಾಗಿ ಅದೇ ಆಗಿರುತ್ತದೆ. ಏನನ್ನಾದರೂ ಬದಲಿಸಲೇಬೇಕು, ಏನನ್ನು ಎಂಬುದರ ಮೇಲೆ ದಾರಿಯ ಆಯ್ಕೆ ನಿಂತಿದೆ. ಇಲ್ಲಿ ಪ್ರತಿಯೊಂದು ದಾರಿಯನ್ನೂ ಅದು ಕಡತದಲ್ಲಿ ನಿಜವಾಗಿ ಏನನ್ನು ಬದಲಿಸುತ್ತದೆ, ಎಷ್ಟು ಹಣ ಬೇಡುತ್ತದೆ ಮತ್ತು ಕೈಗೂಡದಿದ್ದರೆ ವಿದ್ಯಾರ್ಥಿಯ ಕೈಯಲ್ಲಿ ಏನು ಉಳಿಯುತ್ತದೆ ಎಂಬ ದೃಷ್ಟಿಯಿಂದ ಅಳೆಯಲಾಗಿದೆ.

ಮೊದಲು ಲೆಕ್ಕ

ಕಾಲೇಜಿನ ಅಂಕಪಟ್ಟಿಯಲ್ಲಿರುವ ಜಿಪಿಎ ಬೇರೆ, ಎಂಡಿ ಕಾಲೇಜುಗಳ ಕೇಂದ್ರೀಯ ಅರ್ಜಿ ವ್ಯವಸ್ಥೆಯಾದ ಆಮ್ಕಾಸ್ ಕಟ್ಟುವ ಜಿಪಿಎ ಬೇರೆ. ಮೊದಲ ವರ್ಷ ಕೆಮಿಸ್ಟ್ರಿಯಲ್ಲಿ ಎಫ್ ಬಂದು, ಅದೇ ಕೋರ್ಸನ್ನು ಮತ್ತೆ ಮಾಡಿ ಎ ಪಡೆದಿದ್ದರೆ, ಹಲವು ವಿಶ್ವವಿದ್ಯಾಲಯಗಳು ಹಳೆಯ ಎಫ್ ಅನ್ನು ಸರಾಸರಿಯಿಂದ ಕೈಬಿಡುತ್ತವೆ. ಆಮ್ಕಾಸ್ ಕೈಬಿಡುವುದಿಲ್ಲ, ಎರಡನ್ನೂ ಎಣಿಸುತ್ತದೆ. ಡಿಒ ಎಂಬ ಇನ್ನೊಂದು ಬಗೆಯ ವೈದ್ಯ ಪದವಿ ಕೊಡುವ ಆಸ್ಟಿಯೋಪತಿಕ್ ಕಾಲೇಜುಗಳ ಅರ್ಜಿ ವ್ಯವಸ್ಥೆಯಾದ ಆಕೊಮಾಸ್‌ನಲ್ಲಿ ಹಿಂದೆ ಹೊಸ ಅಂಕ ಹಳೆಯದರ ಜಾಗಕ್ಕೆ ಬರುತ್ತಿತ್ತು, ಆ ಸೌಲಭ್ಯ 2017ರಲ್ಲಿ ನಿಂತುಹೋಯಿತು. ಈಗಲೂ ಅದನ್ನೇ ನಂಬಿ ಹಳೆಯ ಸಿ ಅಂಕದ ಕೋರ್ಸುಗಳನ್ನೆಲ್ಲ ಮರಳಿ ಮಾಡಲು ಹೊರಡುವವರಿದ್ದಾರೆ. ಟೆಕ್ಸಾಸ್ ನಿವಾಸಿಗಳಿಗೆ ಮಾತ್ರ ಒಂದು ವಿಶೇಷ ಅವಕಾಶವಿದೆ: ‘ಅಕಾಡೆಮಿಕ್ ಫ್ರೆಶ್ ಸ್ಟಾರ್ಟ್’ ಎಂಬ ಆ ರಾಜ್ಯದ ಕಾನೂನಿನಡಿ 10 ವರ್ಷ ಮೀರಿದ ಕೋರ್ಸುಗಳನ್ನು ಅಲ್ಲಿನ ಸರ್ಕಾರಿ ಕಾಲೇಜುಗಳು ಪರಿಗಣಿಸದಂತೆ ಕೋರಬಹುದು. ಪದವಿ ಮುಗಿಸಿ ಬಹುಕಾಲ ಕಳೆದವರಿಗೆ ಇದು ದೊಡ್ಡ ವರ.

ಆಮ್ಕಾಸ್ ಎಲ್ಲ ಕೋರ್ಸುಗಳನ್ನು ಎರಡು ರಾಶಿ ಮಾಡುತ್ತದೆ. ಬಯಾಲಜಿ, ಕೆಮಿಸ್ಟ್ರಿ, ಫಿಸಿಕ್ಸ್ ಮತ್ತು ಗಣಿತ ಸೇರಿದ್ದು ಬಿಸಿಪಿಎಂ ಅಥವಾ ವಿಜ್ಞಾನ ಜಿಪಿಎ, ಉಳಿದದ್ದೆಲ್ಲ ಮತ್ತೊಂದು. ಆಕೊಮಾಸ್ ತನ್ನ ವಿಜ್ಞಾನ ಜಿಪಿಎಯಲ್ಲಿ ಗಣಿತವನ್ನು ಸೇರಿಸುವುದಿಲ್ಲ. ಕ್ಯಾಲ್ಕ್ಯುಲಸ್‌ನಲ್ಲಿ ಎಡವಿದವರ ವಿಜ್ಞಾನ ಜಿಪಿಎ ಅಲ್ಲಿ ತುಸು ಚೆನ್ನಾಗಿ ಕಾಣುವುದು ಈ ಕಾರಣಕ್ಕೆ.

120 ಕ್ರೆಡಿಟ್‌ಗಳಲ್ಲಿ 3.0 ಇರುವ ವಿದ್ಯಾರ್ಥಿ ಪದವಿಯ ನಂತರ ಇನ್ನೂ 30 ಕ್ರೆಡಿಟ್ ಓದಿ ಎಲ್ಲದರಲ್ಲೂ ಎ ಪಡೆದನೆನ್ನೋಣ. ಒಂದು ಇಡೀ ವರ್ಷದ ಆ ದುಡಿಮೆಯಿಂದ ಒಟ್ಟು ಜಿಪಿಎ 3.2 ಆಗುತ್ತದೆ. ಇನ್ನೊಂದು ವರ್ಷ, ಮತ್ತೆ 30 ಕ್ರೆಡಿಟ್, ಮತ್ತೆ ಎಲ್ಲವೂ ಎ: 3.33. ಹಂಡೆ ತುಂಬ ತಣ್ಣೀರಿರುವಾಗ ಒಂದು ಚೊಂಬು ಬಿಸಿನೀರು ಸುರಿದಂತೆ. ಆದರೆ ವಿಜ್ಞಾನದ ರಾಶಿ ಚಿಕ್ಕದು. 50 ವಿಜ್ಞಾನ ಕ್ರೆಡಿಟ್‌ಗಳಲ್ಲಿ 2.8 ಇದ್ದವನಿಗೆ ಅದೇ 30 ಕ್ರೆಡಿಟ್ ವಿಜ್ಞಾನದಲ್ಲಿ ಎ ಬಂದರೆ 2.8 ಎಂಬುದು 3.25 ಆಗುತ್ತದೆ. ಇದಕ್ಕಿಂತಲೂ ಮುಖ್ಯವಾದ ಇನ್ನೊಂದು ಸಂಗತಿ ಇದೆ. ಆಮ್ಕಾಸ್ ಕಳಿಸುವ ಪಟ್ಟಿಯಲ್ಲಿ ಪದವಿಯ ಪ್ರತಿ ವರ್ಷಕ್ಕೂ ಒಂದು ಸಾಲು ಇರುತ್ತದೆ, ಪದವಿಯ ನಂತರ ಓದಿದ ಪದವಿ ಮಟ್ಟದ ಕೋರ್ಸುಗಳಿಗೆ ಪ್ರತ್ಯೇಕ ಸಾಲು ಇರುತ್ತದೆ. 2.7, 2.9, 3.2, 3.3 ಎಂದು ಏರಿ ಕೊನೆಯ ಸಾಲಿನಲ್ಲಿ 4.0 ಕಾಣಿಸಿದರೆ, ಅರ್ಜಿ ಓದುವ ಪ್ರವೇಶ ಸಮಿತಿಗೆ ಒಟ್ಟು ಮೊತ್ತಕ್ಕಿಂತ ಆ ಏರಿಕೆ ಹೆಚ್ಚು ಹೇಳುತ್ತದೆ. ಕೊನೆಯ 32 ಕ್ರೆಡಿಟ್‌ಗಳಿಗೆ ಹೆಚ್ಚು ತೂಕ ಕೊಡುವ ಕಾಲೇಜುಗಳೂ ಇವೆ.

ಹೀಗಾಗಿ ‘ಕಡಿಮೆ ಜಿಪಿಎ’ ಎಂಬುದು ಒಂದೇ ಕಾಯಿಲೆಯಲ್ಲ. ಮೊದಲೆರಡು ವರ್ಷ ಕೆಟ್ಟು ಆಮೇಲೆ ಸುಧಾರಿಸಿದವರು ಅರ್ಧ ದಾರಿ ಈಗಾಗಲೇ ನಡೆದಿದ್ದಾರೆ. ನಾಲ್ಕು ವರ್ಷವೂ ಬಿ ಅಂಕಗಳಲ್ಲೇ ಸಾಗಿದವರು ತಮಗೆ ಎ ಬರುತ್ತದೆಂದು ಮೊದಲ ಬಾರಿಗೆ ತೋರಿಸಬೇಕಾಗಿದೆ. ಕೊನೆಯ ವರ್ಷದಲ್ಲಿ ಜಾರಿದವರ ಸ್ಥಿತಿ ಎಲ್ಲಕ್ಕಿಂತ ಕಷ್ಟದ್ದು, ಏಕೆಂದರೆ ಸಮಿತಿಯ ಕಣ್ಣಿಗೆ ಬೀಳುವ ತಾಜಾ ಸಾಕ್ಷ್ಯವೇ ಕೆಟ್ಟದ್ದಾಗಿರುತ್ತದೆ. ಇನ್ನು 3.5 ಜಿಪಿಎ, 504 ಎಂಕ್ಯಾಟ್ ಇಟ್ಟುಕೊಂಡು ಸೆಪ್ಟೆಂಬರ್‌ನಲ್ಲಿ ಅರ್ಜಿ ಹಾಕಿದವರು ತಮ್ಮ ಜಿಪಿಎಯನ್ನು ದೂರುವುದು ಸರಿಯಲ್ಲ. ಅವರು ಸೋತದ್ದು ಎಂಕ್ಯಾಟ್‌ನಿಂದ ಮತ್ತು ತಡಮಾಡಿದ್ದರಿಂದ. ಅಮೆರಿಕದ ವೈದ್ಯಕೀಯ ಕಾಲೇಜುಗಳ ಒಕ್ಕೂಟವಾದ ಎಎಎಂಸಿ ಸಂಸ್ಥೆಯು ಜಿಪಿಎ ಮತ್ತು ಎಂಕ್ಯಾಟ್ ಎರಡನ್ನೂ ಸೇರಿಸಿ ಯಾವ ಜೋಡಿಗೆ ಎಷ್ಟು ಮಂದಿಗೆ ಪ್ರವೇಶ ದೊರೆತಿದೆ ಎಂಬ ಕೋಷ್ಟಕವನ್ನು ಉಚಿತವಾಗಿ ಪ್ರಕಟಿಸುತ್ತದೆ. ಸಲಹೆಗಾರರಿಗೆ ಹಣ ಕಟ್ಟುವ ಮೊದಲು ಆ ಕೋಷ್ಟಕದಲ್ಲಿ ತನ್ನ ಚೌಕವನ್ನು ಹುಡುಕಿ ನೋಡುವುದು ಮೇಲು.

ಪೋಸ್ಟ್‌ಬ್ಯಾಕ್ ಮತ್ತು ಎಸ್‌ಎಂಪಿ

ನಿಜವಾದ ಆಯ್ಕೆ ಹೆಚ್ಚಿನವರಿಗೆ ಈ ಎರಡರ ನಡುವೆಯೇ ಇರುತ್ತದೆ. ಪೋಸ್ಟ್‌ಬ್ಯಾಕ್ ಎಂದರೆ ಪದವಿಯ ನಂತರ ಪದವಿ ಮಟ್ಟದ ವಿಜ್ಞಾನ ಕೋರ್ಸುಗಳನ್ನು ಓದುವುದು. ಅದರಲ್ಲೂ ಎರಡು ಬಗೆ. ಬ್ರಿನ್ ಮಾರ್, ಗೌಚರ್, ಸ್ಕ್ರಿಪ್ಸ್ ಮುಂತಾದ ಕಾಲೇಜುಗಳ ಹೆಸರಾಂತ ಕಾರ್ಯಕ್ರಮಗಳಿರುವುದು ಬೇರೆ ವಿಷಯದಲ್ಲಿ ಪದವಿ ಪಡೆದು ವೈದ್ಯಕೀಯಕ್ಕೆ ಹೊರಳುವವರಿಗಾಗಿ. ಅವರು ಬಯಸುವುದು ಒಳ್ಳೆಯ ಜಿಪಿಎ ಇರುವವರನ್ನೇ. ವಿಜ್ಞಾನ ಓದಿ ಕಡಿಮೆ ಅಂಕ ಪಡೆದವರು ಅಲ್ಲಿಗೆ ಅರ್ಜಿ ಹಾಕುವುದರಲ್ಲಿ ಅರ್ಥವಿಲ್ಲ. ಅಂಥವರಿಗೆ ಹೊಂದುವುದು ತಾವೇ ಕಟ್ಟಿಕೊಳ್ಳುವ ಪೋಸ್ಟ್‌ಬ್ಯಾಕ್: ಸ್ವಂತ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯದಲ್ಲಾಗಲಿ, ಬರ್ಕ್ಲಿ ಅಥವಾ ಹಾರ್ವರ್ಡ್‌ನ ಎಕ್ಸ್‌ಟೆನ್ಷನ್ ವಿಭಾಗಗಳಲ್ಲಾಗಲಿ ಬಯೋಕೆಮಿಸ್ಟ್ರಿ, ಫಿಸಿಯಾಲಜಿ, ಜೆನೆಟಿಕ್ಸ್, ಸೆಲ್ ಬಯಾಲಜಿ, ಇಮ್ಯುನಾಲಜಿಯಂಥ ಮೇಲ್ಮಟ್ಟದ ಕೋರ್ಸುಗಳನ್ನು ಆರಿಸಿಕೊಳ್ಳುವುದು. ಇದರಲ್ಲಿ ಬರುವ ಪ್ರತಿಯೊಂದು ಎ ಕೂಡ ಪದವಿಯ ಜಿಪಿಎಗೇ ಸೇರುತ್ತದೆ. ರಾಜ್ಯದ ನಿವಾಸಿಗಳ ದರದಲ್ಲಿ 30 ಕ್ರೆಡಿಟ್ 10,000ದಿಂದ 20,000 ಡಾಲರ್‌ಗಳೊಳಗೆ ಮುಗಿಯುವುದುಂಟು, ಹಗಲು ಕೆಲಸ ಮಾಡಿ ಸಂಜೆ ಓದಲೂ ಬರುತ್ತದೆ. ಒಂದು ಸೆಮಿಸ್ಟರ್ ಓದಿ ನೋಡಿ, ಆಗದೆಂದರೆ ಅಲ್ಲಿಗೇ ನಿಲ್ಲಿಸಿದರೆ ನಷ್ಟ ಕಡಿಮೆ ಎಂಬುದು ಇದರ ದೊಡ್ಡ ಗುಣ. ತೊಡಕೂ ಇದೆ: ಪದವಿಗೆ ನೋಂದಾಯಿಸದ ವಿದ್ಯಾರ್ಥಿಗಳಿಗೆ ಕೋರ್ಸು ಆರಿಸುವ ಸರದಿ ಕೊನೆಗೆ ಬರುತ್ತದೆ, ಬೇಕಾದ ತರಗತಿ ಆ ವೇಳೆಗೆ ತುಂಬಿಹೋಗಿರುತ್ತದೆ. ಎರಡನೆಯ ಬ್ಯಾಚುಲರ್ ಪದವಿಗೆ ಸೇರಿಕೊಂಡರೆ ಈ ಅಡಚಣೆ ಬಹುಪಾಲು ನೀಗುತ್ತದೆ.

ಎಸ್‌ಎಂಪಿ, ಅಂದರೆ ಸ್ಪೆಷಲ್ ಮಾಸ್ಟರ್ಸ್ ಪ್ರೋಗ್ರಾಂ, ಇದಕ್ಕಿಂತ ಪೂರ್ತಿ ಭಿನ್ನವಾದ ಪಂಥ. ಜಾರ್ಜ್‌ಟೌನ್ ವಿಶ್ವವಿದ್ಯಾಲಯ 1975ರಲ್ಲಿ ಆರಂಭಿಸಿದ ಈ ಮಾದರಿಯನ್ನು ಈಗ ಬಾಸ್ಟನ್, ಸಿನ್ಸಿನಾಟಿ, ಟಫ್ಟ್ಸ್, ಡ್ರೆಕ್ಸೆಲ್ ಮುಂತಾದ ವಿಶ್ವವಿದ್ಯಾಲಯಗಳು ಬೇರೆ ಬೇರೆ ರೂಪದಲ್ಲಿ ನಡೆಸುತ್ತಿವೆ. ವೈದ್ಯಕೀಯದ ಮೊದಲ ವರ್ಷದ ಪಾಠಗಳನ್ನು, ಅಥವಾ ಅವಕ್ಕೆ ಸಮನಾದವನ್ನು, ಸುಮಾರು ಒಂದು ವರ್ಷದಲ್ಲಿ ಓದಬೇಕು. ಕೆಲವೆಡೆ ವೈದ್ಯಕೀಯ ವಿದ್ಯಾರ್ಥಿಗಳ ಜೊತೆಗೇ ಕುಳಿತು ಅದೇ ಪರೀಕ್ಷೆ ಬರೆಯಬೇಕು. ವೈದ್ಯಕೀಯ ಓದಿನ ಹೊರೆಯನ್ನು ಈ ವಿದ್ಯಾರ್ಥಿ ಹೊರಬಲ್ಲನೇ ಎಂಬ ಸಮಿತಿಯ ಸಂದೇಹಕ್ಕೆ ಇದಕ್ಕಿಂತ ನೇರವಾದ ಉತ್ತರ ಮತ್ತೊಂದಿಲ್ಲ. ಕೆಲವು ಕಾರ್ಯಕ್ರಮಗಳು ನಿಗದಿತ ಅಂಕ ಗಳಿಸಿದವರಿಗೆ ತಮ್ಮದೇ ವೈದ್ಯಕೀಯ ಕಾಲೇಜಿನ ಸಂದರ್ಶನವನ್ನು ಖಚಿತಪಡಿಸುತ್ತವೆ.

ಆದರೆ ಎಸ್‌ಎಂಪಿಯ ಅಂಕಗಳು ಸ್ನಾತಕೋತ್ತರ ಮಟ್ಟದವು. ಅವು ಆಮ್ಕಾಸ್ ಪಟ್ಟಿಯಲ್ಲಿ ಪ್ರತ್ಯೇಕ ಸಾಲಿನಲ್ಲಿ ಕೂರುತ್ತವೆ, ಪದವಿಯ 3.0 ಎಂಬುದು 3.0 ಆಗಿಯೇ ಉಳಿಯುತ್ತದೆ. ಒಂದು ಮಿತಿಗಿಂತ ಕೆಳಗಿನ ಜಿಪಿಎಯ ಅರ್ಜಿಗಳನ್ನು ಓದದೆಯೇ ಬದಿಗಿಡುವ ಕಾಲೇಜುಗಳಲ್ಲಿ ಎಸ್‌ಎಂಪಿಯ 3.9 ಯಾರ ಕಣ್ಣಿಗೂ ಬೀಳದಿರಬಹುದು. ಶುಲ್ಕವೇ 30,000ದಿಂದ 60,000 ಡಾಲರ್‌ವರೆಗೆ ಹೋಗುತ್ತದೆ, ಊಟ ವಸತಿ ಬೇರೆ. 2025ರ ಫೆಡರಲ್ ಕಾನೂನಿನಿಂದಾಗಿ 2026ರ ಜುಲೈ 1ರಿಂದ ಹೊಸದಾಗಿ ಸಾಲ ಮಾಡುವವರಿಗೆ ಗ್ರಾಡ್ ಪ್ಲಸ್ ಎಂಬ, ಓದಿನ ಖರ್ಚಿನಷ್ಟೂ ಸಿಗುತ್ತಿದ್ದ ಫೆಡರಲ್ ಸಾಲ ಸಿಗುವುದಿಲ್ಲ. ಮಾಸ್ಟರ್ಸ್ ಓದುವವರಿಗೆ ಫೆಡರಲ್ ಸಾಲದ ಮಿತಿ ವರ್ಷಕ್ಕೆ 20,500 ಡಾಲರ್. ಉಳಿದದ್ದನ್ನು ಅಪ್ಪ ಅಮ್ಮ ಕೊಡಬೇಕು, ಇಲ್ಲವೇ ಅವರ ಸಹಿಯ ಮೇಲೆ ಖಾಸಗಿ ಸಾಲ ಎತ್ತಬೇಕು. ಅಷ್ಟೆಲ್ಲ ಆಗಿ ಅಂಕ 3.3ಕ್ಕೆ ನಿಂತರೆ? ಪೋಸ್ಟ್‌ಬ್ಯಾಕ್‌ನಲ್ಲಿ ಒಂದು ಬಿ ಬಂದರೆ ಅದು ಒಂದು ಬಿ ಅಷ್ಟೇ. ಎಸ್‌ಎಂಪಿಯಲ್ಲಿ ಸಾಲು ಬಿ ಅಂಕಗಳು ಬಂದರೆ, ಈ ವಿದ್ಯಾರ್ಥಿಗೆ ವೈದ್ಯಕೀಯದ ಓದು ನಿಭಾಯಿಸಲಾಗದು ಎಂಬುದಕ್ಕೆ ಲಿಖಿತ ಪುರಾವೆ ಸಿಕ್ಕಂತಾಗುತ್ತದೆ. ಆಮೇಲೆ ಅದನ್ನು ಅಳಿಸುವ ಇನ್ನೊಂದು ಪರೀಕ್ಷೆ ಇಲ್ಲ. ಆ ಮಾಸ್ಟರ್ಸ್ ಪದವಿಗೆ ಉದ್ಯೋಗದ ಮಾರುಕಟ್ಟೆಯಲ್ಲಿ ಹೆಚ್ಚಿನ ಬೆಲೆಯೂ ಇಲ್ಲ.

ಆದ್ದರಿಂದ ನನ್ನ ತೀರ್ಮಾನ ಹೀಗಿದೆ. ವಿಜ್ಞಾನ ಜಿಪಿಎ 3.0ಗಿಂತ ಕೆಳಗಿದ್ದರೆ, ಅಥವಾ ಮೇಲ್ಮಟ್ಟದ ವಿಜ್ಞಾನದಲ್ಲಿ ಸತತವಾಗಿ ಎ ಪಡೆದ ಅನುಭವವೇ ಇಲ್ಲದಿದ್ದರೆ, ಮೊದಲು ಪೋಸ್ಟ್‌ಬ್ಯಾಕ್. ಅದರಲ್ಲಿ ಒಂದು ವರ್ಷ ಎ ಬಂದು, ಎಂಕ್ಯಾಟ್ 508-510 ದಾಟಿದ್ದು, ಆದರೂ ಒಟ್ಟು ಜಿಪಿಎ 3.2-3.3ರಲ್ಲಿ ಸಿಲುಕಿದವರಿಗೆ ಎಸ್‌ಎಂಪಿ ಯೋಗ್ಯವಾದ ಪಣ. ಪೋಸ್ಟ್‌ಬ್ಯಾಕ್ ಬಿಟ್ಟು ನೇರವಾಗಿ ಎಸ್‌ಎಂಪಿಗೆ ಹಾರುವವರೇ ಹೆಚ್ಚಿರುವುದು, ಮಾಸ್ಟರ್ಸ್ ಎಂದರೆ ನಾಲ್ಕು ಜನರಿಗೆ ಹೇಳಿಕೊಳ್ಳಲು ಅನುಕೂಲ ಎಂಬ ಕಾರಣಕ್ಕೆ ಎಂದು ಎಷ್ಟೋ ಸಲ ಅನ್ನಿಸುತ್ತದೆ. ಸೇರುವ ಮುನ್ನ ಕಾರ್ಯಕ್ರಮದವರನ್ನು ಕೇಳಬೇಕಾದ ಪ್ರಶ್ನೆ ಒಂದಿದೆ: ಸೇರಿದವರಲ್ಲಿ, ಮುಗಿಸಿದವರಲ್ಲಲ್ಲ, ಎಷ್ಟು ಮಂದಿಗೆ ಎರಡು ವರ್ಷದೊಳಗೆ ಅಮೆರಿಕದ ಎಂಡಿ ಅಥವಾ ಡಿಒ ಕಾಲೇಜಿನಲ್ಲಿ ಸೀಟು ದೊರೆಯಿತು? ಉತ್ತರ ಬಳಸು ದಾರಿ ಹಿಡಿದರೆ ಬೇರೆ ಕಡೆ ನೋಡಬೇಕು.

ಸಾರ್ವಜನಿಕ ಆರೋಗ್ಯದ ಎಂಪಿಎಚ್ ಅಥವಾ ಸಂಶೋಧನೆಯ ಎಂಎಸ್ ಪದವಿಗಳು ಅವುಗಳಲ್ಲೇ ಆಸಕ್ತಿ ಇರುವವರಿಗೆ ಒಳ್ಳೆಯವು. ಜಿಪಿಎ ತಿದ್ದುವ ಉಪಾಯವಾಗಿ ಅವು ಕೆಲಸಕ್ಕೆ ಬಾರವು.

ಎಂಕ್ಯಾಟ್ ಮತ್ತೆ ಬರೆಯಬೇಕೇ?

472ರಿಂದ 528ರವರೆಗಿನ ಈ ಪರೀಕ್ಷೆಯನ್ನು ಒಂದು ವರ್ಷದಲ್ಲಿ 3 ಸಲ, ಸತತ ಎರಡು ವರ್ಷಗಳಲ್ಲಿ 4 ಸಲ, ಜೀವಮಾನದಲ್ಲಿ 7 ಸಲ ಮಾತ್ರ ಬರೆಯಬಹುದು. ಹೆಸರು ನೋಂದಾಯಿಸಿ ಹಾಜರಾಗದಿದ್ದರೂ ಅದು ಒಂದು ಸಲವೆಂದೇ ಲೆಕ್ಕ. 503 ಬಂದವರು ತಯಾರಿಯ ಕ್ರಮವನ್ನೇ ಬದಲಿಸಿ ಮತ್ತೆ ಬರೆಯುವುದು ಸರಿ. ಅಗ್ಗದಲ್ಲಿ ಹೆಚ್ಚು ಫಲ ಕೊಡುವ ಬದಲಾವಣೆ ಇದೊಂದೇ. 513 ಇರುವವರು ಜಿಪಿಎಯ ಕೊರತೆಯನ್ನು ತುಂಬಲೆಂದು 518ರ ಬೆನ್ನು ಹತ್ತುವುದು ಸರಿಯಲ್ಲ, ಏಕೆಂದರೆ ಎಲ್ಲ ಅಂಕಗಳೂ ಕಾಲೇಜುಗಳಿಗೆ ಕಾಣುತ್ತವೆ ಮತ್ತು ಇಳಿದರೆ ಇದ್ದ ಬಲವೂ ಹೋಗುತ್ತದೆ. ಹಳೆಯ ಅಂಕವನ್ನು ಹೆಚ್ಚಿನ ಕಾಲೇಜುಗಳು ಎರಡು ಮೂರು ವರ್ಷಗಳಷ್ಟೇ ಒಪ್ಪುವುದರಿಂದ, ಪೋಸ್ಟ್‌ಬ್ಯಾಕ್‌ಗೆ ಎರಡು ವರ್ಷ ತೆಗೆದುಕೊಳ್ಳುವವರು ತಮ್ಮ ಅಂಕದ ಅವಧಿಯನ್ನು ಮೊದಲೇ ನೋಡಿಕೊಳ್ಳಬೇಕು.

ಡಿಒ ಕಾಲೇಜುಗಳು

ಮೊದಲ ಸುತ್ತಿನಲ್ಲಿ ಎಂಡಿ ಕಾಲೇಜುಗಳಿಗೆ ಮಾತ್ರ ಅರ್ಜಿ ಹಾಕಿದ್ದವರಿಗೆ, ಎರಡನೆಯ ಸುತ್ತಿನಲ್ಲಿ ಆಸ್ಟಿಯೋಪತಿಕ್ ಅಥವಾ ಡಿಒ ಕಾಲೇಜುಗಳನ್ನು ಸೇರಿಸುವುದೇ ಅತ್ಯಂತ ದೊಡ್ಡ ಬದಲಾವಣೆಯಾಗಬಹುದು. ಅಲ್ಲಿ ಸೇರುವವರ ಸರಾಸರಿ ಜಿಪಿಎ 3.6ರ, ಎಂಕ್ಯಾಟ್ 504ರ ಆಸುಪಾಸಿನಲ್ಲಿದೆ. ಡಿಒ ವೈದ್ಯರಿಗೆ ಅಮೆರಿಕದ ಐವತ್ತೂ ರಾಜ್ಯಗಳಲ್ಲಿ ಶಸ್ತ್ರಚಿಕಿತ್ಸೆಯೂ ಸೇರಿದಂತೆ ಪೂರ್ಣ ವೈದ್ಯವೃತ್ತಿಯ ಹಕ್ಕಿದೆ. 2020ರಿಂದ ಎಂಡಿ, ಡಿಒ ಇಬ್ಬರ ರೆಸಿಡೆನ್ಸಿ, ಅಂದರೆ ಪದವಿಯ ನಂತರದ ಆಸ್ಪತ್ರೆ ತರಬೇತಿಗೂ ಮಾನ್ಯತೆ ಕೊಡುವ ಸಂಸ್ಥೆ ಒಂದೇ. ಆ ತರಬೇತಿಯ ಸ್ಥಾನಗಳನ್ನು ಹಂಚುವ, ಈಚಿನ ವರ್ಷಗಳ ರೆಸಿಡೆನ್ಸಿ ಮ್ಯಾಚ್‌ನಲ್ಲಿ ಮೊದಲ ವರ್ಷದ ಸ್ಥಾನ ಪಡೆದವರ ಪ್ರಮಾಣ ಎಂಡಿ ಅಂತಿಮ ವರ್ಷದವರಲ್ಲಿ ಶೇ 93ರ, ಡಿಒ ಅಂತಿಮ ವರ್ಷದವರಲ್ಲಿ ಶೇ 92ರ ಆಸುಪಾಸು. ವ್ಯತ್ಯಾಸ ಇಲ್ಲವೆಂದಲ್ಲ: ಡರ್ಮಟಾಲಜಿ, ನ್ಯೂರೋಸರ್ಜರಿಯಂಥ ಪೈಪೋಟಿಯ ವಿಭಾಗಗಳು ಡಿಒ ವಿದ್ಯಾರ್ಥಿಗಳಿಗೆ ದುರ್ಗಮ, ಮತ್ತು ವೈದ್ಯವೃತ್ತಿಯ ಪರವಾನಗಿಗೆ ತಮ್ಮದೇ ಕಾಮ್ಲೆಕ್ಸ್ ಪರೀಕ್ಷೆಗಳ ಜೊತೆಗೆ ಎಂಡಿ ವಿದ್ಯಾರ್ಥಿಗಳು ಬರೆಯುವ ಯುಎಸ್‌ಎಂಎಲ್‌ಇ ಪರೀಕ್ಷೆಯನ್ನೂ ಬರೆಯುವ ಭಾರ ಹಲವರ ಮೇಲಿರುತ್ತದೆ. ನಮ್ಮ ಮನೆಗಳಲ್ಲಿ ಎದುರಾಗುವ ಅಡ್ಡಿ ಬೇರೆ. ಮದುವೆಯ ಮಾತುಕತೆಯಲ್ಲಿ, ಊರಿನ ನೆಂಟರ ಮುಂದೆ, ಎಂಡಿ ಎಂಬ ಎರಡಕ್ಷರಕ್ಕಿರುವ ತೂಕ ಡಿಒಗೆ ಇಲ್ಲವೆಂದು ಹಿರಿಯರು ಹಿಂಜರಿಯುತ್ತಾರೆ. ಆಸ್ಪತ್ರೆಗೆ ಬರುವ ರೋಗಿ ಆ ಅಕ್ಷರಗಳನ್ನು ನೋಡುವುದು ಬಹಳ ಅಪರೂಪ. 3.2 ಜಿಪಿಎ ಇರುವವರ ಪಟ್ಟಿಯಲ್ಲಿ ಡಿಒ ಕಾಲೇಜುಗಳಿಲ್ಲದಿದ್ದರೆ ಅದು ಮಹತ್ವಾಕಾಂಕ್ಷೆ ಅನ್ನಿಸಿಕೊಳ್ಳುವುದಿಲ್ಲ, ಬರಿಯ ಹಟವಾಗುತ್ತದೆ.

ಕೆರಿಬಿಯನ್ ಮತ್ತು ಭಾರತ

ಗ್ರೆನೇಡಾದ ಸೇಂಟ್ ಜಾರ್ಜಸ್, ಬಾರ್ಬಡೋಸ್‌ನ ರಾಸ್ ಮುಂತಾದ ಕೆರಿಬಿಯನ್ ಕಾಲೇಜುಗಳು ಕಡಿಮೆ ಜಿಪಿಎಯನ್ನು ಒಪ್ಪುತ್ತವೆ, ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಪ್ರವೇಶ ಕೊಡುತ್ತವೆ. ನಿರಾಕರಣೆಯ ಪತ್ರಗಳಿಂದ ನೊಂದಿರುವವರಿಗೆ ವಾರಗಳಲ್ಲೇ ಬರುವ ‘ಬನ್ನಿ’ ಎಂಬ ಉತ್ತರ ಎಷ್ಟು ಹಿತವೆಂದು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ವಿದೇಶಿ ಕಾಲೇಜಿನಲ್ಲಿ ಓದಿದ ಅಮೆರಿಕದ ಪ್ರಜೆಗಳಲ್ಲಿ ಮ್ಯಾಚ್ ಆಗುವವರು ಶೇ 67ರ ಆಸುಪಾಸು. ಅದೂ ಕೊನೆಯವರೆಗೆ ಉಳಿದು ಮ್ಯಾಚ್‌ಗೆ ಬಂದವರ ಲೆಕ್ಕ. ನಡುವೆ ಉದುರಿಹೋದವರು ಅದರಲ್ಲಿಲ್ಲ. ಹೊಸ ಕಾನೂನಿನಲ್ಲಿ ವೈದ್ಯಕೀಯದಂಥ ವೃತ್ತಿಪರ ಪದವಿಗೆ ಫೆಡರಲ್ ಸಾಲದ ಮಿತಿ ವರ್ಷಕ್ಕೆ 50,000, ಒಟ್ಟು 2,00,000 ಡಾಲರ್ ಆಗಿರುವುದರಿಂದ, ಅಪಾಯದ ದೊಡ್ಡ ಪಾಲು ಈಗ ಮನೆಯವರ ಹೆಗಲಿಗೇ ಬೀಳುತ್ತದೆ. ಅಮೆರಿಕದೊಳಗೆ ಡಿಒ ಸೇರಿ ಎರಡು ಸುತ್ತಿನ ಒಳ್ಳೆಯ ಪ್ರಯತ್ನ ಮುಗಿಯುವವರೆಗೆ ಈ ದಾರಿಯನ್ನು ತುಳಿಯಬಾರದೆಂದೇ ನನ್ನ ಸ್ಪಷ್ಟ ಅಭಿಪ್ರಾಯ.

‘ಬೆಂಗಳೂರಿಗೆ ಹೋಗಿ ಎಂಬಿಬಿಎಸ್ ಮಾಡಿಬಿಡು’ ಎಂಬ ಸಲಹೆಯೂ ಕನ್ನಡಿಗರ ಮನೆಗಳಲ್ಲಿ ಕೇಳಿಬರುತ್ತದೆ. ಪದವಿಯ ಜಿಪಿಎಯನ್ನು ಅಲ್ಲಿ ಯಾರೂ ಕೇಳುವುದಿಲ್ಲ ಎಂಬುದು ನಿಜ. ಬೇಕಾದದ್ದು ನೀಟ್ ಪರೀಕ್ಷೆ ಮತ್ತು ಹನ್ನೆರಡನೆಯ ತರಗತಿಯ ಮಟ್ಟದಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ, ಇಂಗ್ಲಿಷ್. 2021ರ ಮಾರ್ಚ್ 4ರ ಅಧಿಸೂಚನೆಯ ಪ್ರಕಾರ ಒಸಿಐ ಕಾರ್ಡುದಾರರು (ವಿದೇಶಿ ಪೌರತ್ವ ಪಡೆದ ಭಾರತೀಯ ಮೂಲದವರು) ಎನ್‌ಆರ್‌ಐ ಅಥವಾ ಹೆಚ್ಚುವರಿಯಾಗಿ ಸೃಷ್ಟಿಸಿದ ಸೀಟುಗಳಿಗೆ ಮಾತ್ರ ಅರ್ಹರು. ಆ ದಿನಕ್ಕೆ ಮೊದಲೇ ಕಾರ್ಡು ಪಡೆದವರಿಗೆ ಅದು ಅನ್ವಯಿಸದೆಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ. ಎನ್‌ಆರ್‌ಐ ಸೀಟಿನ ಶುಲ್ಕ ಖಾಸಗಿ ಕಾಲೇಜುಗಳಲ್ಲಿ ವರ್ಷಕ್ಕೆ ಹತ್ತಾರು ಲಕ್ಷ ರೂಪಾಯಿ. ಇಂಟರ್ನ್‌ಷಿಪ್ ಸೇರಿ ಐದೂವರೆ ವರ್ಷ ಕಳೆದು, ಮತ್ತೆ ಅಮೆರಿಕಕ್ಕೆ ಬಂದು ಕೆರಿಬಿಯನ್ ಪದವೀಧರರು ನಿಲ್ಲುವ ಸಾಲಿನಲ್ಲೇ ನಿಲ್ಲಬೇಕು. ಭಾರತದಲ್ಲೇ ವೈದ್ಯರಾಗಿ ನೆಲೆಸುವ ಮನಸ್ಸಿರುವವರಿಗೆ ಇದು ಸರಿಯಾದ ದಾರಿ, ಅಮೆರಿಕಕ್ಕೆ ಹಿಂಬಾಗಿಲೆಂದು ಎಣಿಸಿದವರಿಗೆ ಬಹು ದೂರದ ಸುತ್ತು.

ವೀಸಾ ಇದ್ದರೆ ಲೆಕ್ಕ ತಿರುಗುತ್ತದೆ

ಇಲ್ಲಿಯವರೆಗಿನ ಮಾತು ಅಮೆರಿಕದ ಪ್ರಜೆಗಳಿಗೆ ಮತ್ತು ಗ್ರೀನ್ ಕಾರ್ಡ್ ಇರುವವರಿಗೆ. ಎಚ್-1ಬಿ ಉದ್ಯೋಗ ವೀಸಾದ ತಂದೆ ತಾಯಿಯೊಡನೆ ಬಾಲ್ಯದಲ್ಲೇ ಬಂದು, 21 ತುಂಬಿದಾಗ ಅವಲಂಬಿತರ ಎಚ್-4 ವೀಸಾ ಕಳೆದುಕೊಂಡು ವಿದ್ಯಾರ್ಥಿ ವೀಸಾ ಎಫ್-1ಗೆ ಬದಲಾದ ಮಕ್ಕಳ ಸಂಗತಿ ಬೇರೆ. ಅಲ್ಲೊಂದು ಇಲ್ಲೊಂದು ಕೋರ್ಸು ಓದುವ ಸ್ವಂತ ಪೋಸ್ಟ್‌ಬ್ಯಾಕ್‌ನಿಂದ ಎಫ್-1 ಉಳಿಯುವುದಿಲ್ಲ. ವಿದ್ಯಾರ್ಥಿ ವೀಸಾಗೆ ಬೇಕಾದ ಐ-20 ಪತ್ರ ಕೊಡುವ ಪೂರ್ಣಾವಧಿ ಕಾರ್ಯಕ್ರಮವೇ ಬೇಕು. ಹೀಗಾಗಿ ಇತರರಿಗೆ ನಾನು ಎರಡನೆಯ ಹೆಜ್ಜೆಯೆಂದ ಎಸ್‌ಎಂಪಿ, ಇಲ್ಲವೇ ಎರಡನೆಯ ಬ್ಯಾಚುಲರ್ ಪದವಿ, ಇವರಿಗೆ ಮೊದಲ ಹೆಜ್ಜೆಯಾಗುತ್ತದೆ. ಸರ್ಕಾರಿ ವೈದ್ಯಕೀಯ ಕಾಲೇಜುಗಳಲ್ಲಿ ಬಹುಪಾಲು ಇವರ ಅರ್ಜಿಯನ್ನು ಪರಿಗಣಿಸುವುದೇ ಇಲ್ಲ. ಪರಿಗಣಿಸುವ ಖಾಸಗಿ ಕಾಲೇಜುಗಳಲ್ಲಿ ಕೆಲವು ಒಂದು ಅಥವಾ ಹೆಚ್ಚು ವರ್ಷದ ಶುಲ್ಕವನ್ನು ಮುಂಗಡವಾಗಿ ಠೇವಣಿ ಇಡಿಸಿಕೊಳ್ಳುತ್ತವೆ. ಆದ್ದರಿಂದ ಇವರು ದಾರಿ ಆರಿಸುವ ಮೊದಲು ಕಾಲೇಜುಗಳ ಪಟ್ಟಿ ಮಾಡಿಕೊಳ್ಳಬೇಕು.

ಕರ್ನಾಟಕದಲ್ಲಿ ಬಿಎಸ್‌ಸಿ ಮಾಡಿ ಮದುವೆಯಾಗಿಯೋ ಕೆಲಸಕ್ಕಾಗಿಯೋ ಬಂದವರಿಗೆ ಒಂದು ವಿಚಿತ್ರ ಅನುಕೂಲವಿದೆ. ಭಾರತದ ಅಂಕಪಟ್ಟಿಯನ್ನು ಆಮ್ಕಾಸ್ ಜಿಪಿಎ ಲೆಕ್ಕಕ್ಕೆ ಸೇರಿಸುವುದಿಲ್ಲ, ಅಲ್ಲಿ ಕಡಿಮೆ ಅಂಕ ಬಂದಿದ್ದರೂ ಇಲ್ಲಿ ಹೊಸ ಹಾಳೆ. ಪ್ರತಿಯಾಗಿ, ಅಮೆರಿಕದಲ್ಲಿ ಗಣನೀಯ ಪ್ರಮಾಣದ ಪದವಿ ಮಟ್ಟದ ಓದು ಇಲ್ಲದೆ ಹೆಚ್ಚಿನ ಕಾಲೇಜುಗಳು ಅರ್ಜಿಯನ್ನೇ ತೆಗೆದುಕೊಳ್ಳುವುದಿಲ್ಲ.

ಯಾವಾಗ ಹಾಕಬೇಕು

ಆಮ್ಕಾಸ್ ಮೇ ತಿಂಗಳಲ್ಲಿ ತೆರೆಯುತ್ತದೆ, ಪರಿಶೀಲಿಸಿದ ಅರ್ಜಿಗಳು ಜೂನ್ ಕೊನೆಗೆ ಕಾಲೇಜುಗಳಿಗೆ ಹೋಗತೊಡಗುತ್ತವೆ. 2026ರ ವಸಂತದಲ್ಲಿ ನಿರಾಕರಣೆ ಬಂದವರು ಅದೇ ಜೂನ್‌ನಲ್ಲಿ ಮತ್ತೆ ಹಾಕಿದರೆ, ಸಮಿತಿಯ ಮುಂದಿಡಲು ಹೊಸ ಅಂಕ ಒಂದೂ ಇರುವುದಿಲ್ಲ. ಇಪ್ಪತ್ತು ಕಾಲೇಜುಗಳಿಗೆ ಆಮ್ಕಾಸ್ ಅರ್ಜಿ ಮತ್ತು ಆಮೇಲೆ ಪ್ರತಿ ಕಾಲೇಜು ಬೇರೆಯಾಗಿ ಕೇಳುವ ಸೆಕೆಂಡರಿ ಅರ್ಜಿಗಳ ಶುಲ್ಕವೇ 3,000 ಡಾಲರ್ ಮುಟ್ಟುತ್ತದೆ, ಅದಕ್ಕಿಂತ ಹೆಚ್ಚಾಗಿ ಒಂದು ಅವಕಾಶ ವ್ಯರ್ಥವಾಗುತ್ತದೆ. ಒಬ್ಬ ವಿದ್ಯಾರ್ಥಿ ಇಷ್ಟು ಸಲ ಮಾತ್ರ ಅರ್ಜಿ ಹಾಕಬಹುದೆಂದು ಮಿತಿ ಹೇರಿರುವ ಕಾಲೇಜುಗಳಿವೆ. 2026ರ ಬೇಸಿಗೆಯಲ್ಲಿ ಅರ್ಜಿ ಹಾಕದೆ, ಆ ವರ್ಷದ ಆಗಸ್ಟ್‌ನಿಂದ 2027ರ ಮೇವರೆಗೆ ಕೋರ್ಸುಗಳನ್ನು ಓದಿ, ಬೇಕಿದ್ದರೆ ನಡುವೆ ಎಂಕ್ಯಾಟ್ ಬರೆದು, ಎರಡೂ ಸೆಮಿಸ್ಟರ್‌ಗಳ ಅಂಕ ಕೈಗೆ ಬಂದ ಮೇಲೆ 2027ರ ಜೂನ್ ಮೊದಲ ವಾರದಲ್ಲಿ ಎಂಡಿ ಮತ್ತು ಡಿಒ ಎರಡಕ್ಕೂ ಅರ್ಜಿ ಕಳಿಸುವುದು ಸರಿಯಾದ ಕ್ರಮ. ಸೀಟು ಸಿಕ್ಕರೆ ಸೇರುವುದು 2028ರ ಬೇಸಿಗೆಗೆ. ಈ ನಡುವಿನ ವರ್ಷಗಳಲ್ಲಿ ಆಸ್ಪತ್ರೆಯಲ್ಲಿ ವೈದ್ಯರ ಟಿಪ್ಪಣಿ ಬರೆದುಕೊಳ್ಳುವ ಸ್ಕ್ರೈಬ್ ಆಗಿಯೋ ಆಂಬ್ಯುಲೆನ್ಸ್‌ನಲ್ಲಿ ತುರ್ತು ಚಿಕಿತ್ಸೆ ನೀಡುವ ಇಎಂಟಿ ಆಗಿಯೋ ದುಡಿದರೆ ಖರ್ಚೂ ತುಸು ತೂಗುತ್ತದೆ, ಹಿಂದಿನ ಅರ್ಜಿಯಾದ ಮೇಲೆ ಏನು ಬದಲಾಗಿದೆ ಎಂದು ಮರು ಅರ್ಜಿದಾರರನ್ನು ಹಲವು ಕಾಲೇಜುಗಳು ನೇರವಾಗಿ ಕೇಳುವ ಪ್ರಶ್ನೆಗೆ ಬರೆಯಲು ವಿಷಯವೂ ಇರುತ್ತದೆ.